ನಮ್ಮ ಊರುಗಳ ಗಾಯರಾಣವೂ ಹೊಲಗಳೂ

(ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿಯ ಲೇಖನ)

ಭೂಮಿಯೆಂದರೆ ನಮ್ಮ ಕಡೆಯ ಜನರಿಗೆ ಮೊದಲು ನೆನಪಾಗುವುದು ಹೊಲ. ಹೊಲಕ್ಕೆ ಒಬ್ಬ ಒಡೆಯನಿರುತ್ತಾನೆ, ಒಂದು ಸರ್ವೆ ನಂಬರು ಇರುತ್ತದೆ, ಒಂದು ಉತಾರವಿರುತ್ತದೆ. ಅದರ ಬದುವನ್ನು ಒಂದು ಗೇಣು ಒತ್ತಿದರೂ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ. ಆದರೆ ಪ್ರತಿಯೊಂದು ಹಳ್ಳಿಯಲ್ಲಿಯೂ ಒಬ್ಬರದೂ ಅಲ್ಲದ, ಎಲ್ಲರದೂ ಆದ ಇನ್ನೊಂದು ನೆಲವಿದೆ. ದನ ಮೇಯುವ ಗಾಯರಾಣ, ರಾಶಿ ಮಾಡುವ ಕಣ, ಜಾತ್ರೆ ನೆರೆಯುವ ಬಯಲು, ಹಳ್ಳದ ದಂಡೆ, ಕೆರೆಯ ಅಂಗಳ, ಸುಡುಗಾಡು, ಇವೆಲ್ಲ ಈ ಬಗೆಯವು. ಈ ನೆಲದಲ್ಲಿ ಒಂದು ಗೇಣಲ್ಲ, ಹತ್ತು ಎಕರೆ ಹೋದರೂ ಕೋರ್ಟಿಗೆ ಹೋಗುವವರು ವಿರಳ. ಎಲ್ಲರ ಆಸ್ತಿಯು ಯಾರ ಆಸ್ತಿಯೂ ಅಲ್ಲವೆಂಬ ಭಾವನೆಯೇ ಇದಕ್ಕೆ ಕಾರಣ.

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಈ ನಾಲ್ಕು ತಾಲೂಕುಗಳಲ್ಲಿ ಊರೊಟ್ಟಿನ ಬಯಲಿನ ಸ್ಥಿತಿ ಹೇಗಿದೆ, ಅದು ಕಡಿಮೆಯಾಗುವುದಕ್ಕೆ ಕಾರಣಗಳೇನು, ಅದರೊಡನೆ ಸಾಗುವಳಿ ಭೂಮಿಯೂ ಹೇಗೆ ಕರಗುತ್ತಿದೆ, ಉಳಿಸಿಕೊಳ್ಳಲು ಏನು ದಾರಿ ಎಂಬ ಸಂಗತಿಗಳನ್ನು ಈ ಲೇಖನದಲ್ಲಿ ವಿಚಾರಮಾಡಲಾಗಿದೆ.

ನಾಲ್ಕು ತಾಲೂಕುಗಳ ನೆಲ

ಈ ನಾಲ್ಕೂ ತಾಲೂಕುಗಳನ್ನು ಒಂದೇ ದಾರದಲ್ಲಿ ಪೋಣಿಸಿದವಳು ಮಲಪ್ರಭೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಈ ಹೊಳೆಯು ಎಂ.ಕೆ. ಹುಬ್ಬಳ್ಳಿಯನ್ನು ದಾಟಿ, ಸವದತ್ತಿಯ ನವಿಲುತೀರ್ಥದಲ್ಲಿ ಗುಡ್ಡವನ್ನು ಸೀಳಿಕೊಂಡು ಹೊರಟು, ರಾಮದುರ್ಗದ ಮಗ್ಗುಲಲ್ಲಿ ಹಾಯ್ದು, ಕೊನೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಪಶ್ಚಿಮದಿಂದ ಪೂರ್ವಕ್ಕೆ ಹೋದಂತೆಲ್ಲ ಮಳೆ ಕಡಿಮೆಯಾಗುತ್ತದೆ. ಕಿತ್ತೂರಿನ ಕಡೆಗೆ ಮಲೆನಾಡಿನ ಸೆರಗು ಇರುವುದರಿಂದ ಭತ್ತ, ಸೋಯಾಬೀನ ಬೆಳೆಯುತ್ತವೆ. ಬೈಲಹೊಂಗಲದ ಎರಿ ಭೂಮಿಯು ಹತ್ತಿ, ಬಿಳಿಜೋಳ, ಕಡಲೆಗಳಿಗೆ ಹೆಸರಾದದ್ದು. ಈಚೆಗೆ ಅಲ್ಲಿ ಕಬ್ಬು ಹೆಚ್ಚಾಗಿದೆ. ಸವದತ್ತಿಯಲ್ಲಿ ಎರಿಯೂ ಉಂಟು, ಕಲ್ಲುಗುಡ್ಡವೂ ಉಂಟು. ರಾಮದುರ್ಗವು ಅಚ್ಚ ಬಯಲುಸೀಮೆ. ಹೊಳೆಯ ಬದಿಯನ್ನು ಬಿಟ್ಟರೆ ಉಳಿದದ್ದೆಲ್ಲ ಮಳೆಯನ್ನೇ ನಂಬಿದ ಹೊಲ ಮತ್ತು ಕುರಿ ಮೇಯುವ ಕುರುಚಲು.

ಆಡಳಿತದ ದೃಷ್ಟಿಯಿಂದಲೂ ಇವುಗಳ ಚರಿತ್ರೆ ಒಂದೇ ಅಲ್ಲ. ಬೈಲಹೊಂಗಲ ತಾಲೂಕಿಗೆ ಹಿಂದೆ ಸಂಪಗಾಂವಿಯ ಹೆಸರಿತ್ತು. ಕಿತ್ತೂರು ಅದರಲ್ಲಿಯೇ ಸೇರಿದ್ದು, ಈಚಿನ ವರ್ಷಗಳಲ್ಲಿ ಬೇರೆ ತಾಲೂಕಾಯಿತು. ಸವದತ್ತಿಗೆ ಪರಸಗಡ ತಾಲೂಕೆಂಬ ಹೆಸರಿತ್ತು. ಇವು ಮುಂಬಯಿ ಇಲಾಖೆಗೆ ಸೇರಿದ್ದವು. ರಾಮದುರ್ಗವು 1948ರ ವರೆಗೆ ಒಂದು ಸಣ್ಣ ಸಂಸ್ಥಾನವಾಗಿತ್ತು. 1956ರ ನವೆಂಬರ 1ರಂದು ಇವೆಲ್ಲ ಅಂದಿನ ಮೈಸೂರು ರಾಜ್ಯಕ್ಕೆ ಸೇರಿದವು. ಮುಂಬಯಿಯ ಕಾಲದ ಗುರುತು ಮಾತಿನಲ್ಲಿ ಇನ್ನೂ ಉಳಿದಿದೆ. ಬೇರೆ ಜಿಲ್ಲೆಗಳಲ್ಲಿ ಗೋಮಾಳವೆಂದು ಕರೆಯುವುದನ್ನು ನಾವು ಗಾಯರಾಣವೆನ್ನುತ್ತೇವೆ. ಊರ ಮನೆಗಳ ಜಾಗವನ್ನು ಗಾಂವಠಾಣವೆನ್ನುತ್ತೇವೆ. ಹೊಲವು ಪ್ಲಾಟಾಗುವುದನ್ನು ಬಿನಶೇತಕಿಯೆನ್ನುತ್ತೇವೆ.

ನೆಲದ ಹಕ್ಕಿಗಾಗಿ ಹೋರಾಡಿದ ನಾಡು ಇದು. ಕಿತ್ತೂರು 1824ರಲ್ಲಿ ಕಂಪನಿ ಸರಕಾರವನ್ನು ಎದುರಿಸಿತು. ಅನಂತರ ಇನಾಮು ಭೂಮಿಗಳ ಮೇಲೆ ಕಂಪನಿಯ ಕೈ ಬಿದ್ದುದು ಸಂಗೊಳ್ಳಿ ರಾಯಣ್ಣನ ಬಂಡಾಯದ ಕಾರಣಗಳಲ್ಲಿ ಒಂದೆಂದು ಹೇಳುತ್ತಾರೆ. ಇಂಥ ನಾಡಿನಲ್ಲಿ ಊರ ನೆಲವು ಗದ್ದಲವಿಲ್ಲದೆ ಕೈಬಿಟ್ಟು ಹೋಗುತ್ತಿರುವುದು ವಿಚಾರಮಾಡತಕ್ಕ ಸಂಗತಿಯಾಗಿದೆ.

ಬಯಲಿನ ಉಪಯೋಗವೇನು?

ಗಾಯರಾಣವು ಬೀಳು ಬಿದ್ದ ನೆಲ, ಅದರಿಂದ ಉತ್ಪನ್ನವಿಲ್ಲವೆಂದು ಓದಿದವರು ಹೇಳುವುದುಂಟು. ಕಂದಾಯದ ಲೆಕ್ಕದಲ್ಲಿ ಅದು ನಿಜವಾಗಿರಬಹುದು. ಮನೆಯ ಲೆಕ್ಕದಲ್ಲಿ ನಿಜವಲ್ಲ. ಎರಡು ಎಕರೆ ಒಣಬೇಸಾಯದ ಹೊಲವುಳ್ಳ ಒಕ್ಕಲಿಗನ ಮನೆಯನ್ನು ತೆಗೆದುಕೊಳ್ಳೋಣ. ಹಿಂಗಾರಿ ಜೋಳವು ಒಳ್ಳೆಯ ವರ್ಷ ಎಕರೆಗೆ ನಾಲ್ಕೈದು ಕ್ವಿಂಟಲ್ ಬಂದೀತು. ಅದು ಉಣ್ಣುವುದಕ್ಕೆ ಆಯಿತು. ದಿನದ ಎಣ್ಣೆ, ಉಪ್ಪು, ಔಷಧ, ಮಕ್ಕಳ ಫೀ ಇವಕ್ಕೆ ರೊಕ್ಕ ಬರುವುದು ಎಮ್ಮೆಯ ಹಾಲಿನಿಂದ, ಎರಡು ಆಡಿನ ಮರಿಗಳಿಂದ. ಆ ಎಮ್ಮೆಯು ಹೊಲದಲ್ಲಿ ಮೇಯುವುದಿಲ್ಲ, ಊರ ಬಯಲಿನಲ್ಲಿ ಮೇಯುತ್ತದೆ. ನಮ್ಮ ಕಾಲೇಜಿನ ಅನೇಕ ವಿದ್ಯಾರ್ಥಿಗಳ ಶುಲ್ಕ ಬಂದಿರುವುದು ಹೀಗೆಯೇ. ಈ ಲೇಖಕನದೂ ಹಾಗೆಯೇ ಬಂದಿದೆ. ಹೊಲವೇ ಇಲ್ಲದ ಕೂಲಿಯ ಮನೆಗಂತೂ ಗಾಯರಾಣವೇ ಹೊಲ. ಅಲ್ಲಿಯ ಹುಲ್ಲು, ಕಟ್ಟಿಗೆ, ಕುಳ್ಳು, ಬಾರೆಹಣ್ಣು, ಸೀತಾಫಲ ಇವುಗಳಿಗೆ ಬೆಲೆ ಕೊಡಬೇಕಾಗಿಲ್ಲ.

ಅರ್ಥಶಾಸ್ತ್ರಜ್ಞರಾದ ಎನ್.ಎಸ್. ಜೋಧಾ ಅವರು ಭಾರತದ ಏಳು ರಾಜ್ಯಗಳ ಒಣಪ್ರದೇಶದ 82 ಹಳ್ಳಿಗಳನ್ನು ಅಭ್ಯಾಸಮಾಡಿ 1986ರಲ್ಲಿ ಪ್ರಕಟಿಸಿದ ಲೇಖನವು ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ಬಡವರ ಮನೆಯ ಆದಾಯದಲ್ಲಿ ಗಮನಾರ್ಹ ಪಾಲು ಊರೊಟ್ಟಿನ ನೆಲದಿಂದ ಬರುತ್ತದೆ, ಶ್ರೀಮಂತರ ಆದಾಯದಲ್ಲಿ ಆ ಪಾಲು ತೀರ ಅಲ್ಪವೆಂದು ಅವರು ತೋರಿಸಿದರು. 1950ರಿಂದ ಸುಮಾರು ಮೂವತ್ತು ವರ್ಷಗಳಲ್ಲಿ ಇಂಥ ನೆಲವು ಬಹುಕಡೆ ಮೂರನೆಯ ಒಂದು ಭಾಗಕ್ಕೂ ಹೆಚ್ಚಾಗಿ ಕಡಿಮೆಯಾಗಿತ್ತೆಂಬುದನ್ನೂ ಅವರು ತೋರಿಸಿದರು. ಬಯಲು ಹೋದರೆ ನಷ್ಟವು ಎಲ್ಲರಿಗೂ ಸಮವಾಗಿ ಹಂಚಿಹೋಗುವುದಿಲ್ಲವೆಂಬ ತಾತ್ಪರ್ಯ ಇದರಿಂದ ಹೊರಡುತ್ತದೆ.

ಮೇವಿನ ಹೊರತಾಗಿಯೂ ಬಯಲಿಗೆ ಕೆಲಸಗಳಿವೆ. ಕಾರಹುಣ್ಣಿವೆಯ ದಿನ ಎತ್ತುಗಳ ಕರಿ ಹರಿಯುವುದಕ್ಕೆ ಅಗಸಿಯ ಮುಂದೆ ಜಾಗ ಬೇಕು. ಹುಡುಗರು ಕಬಡ್ಡಿ ಆಡುವುದಕ್ಕೆ ಬೇಕು. ಬನದ ಹುಣ್ಣಿವೆ, ಭಾರತ ಹುಣ್ಣಿವೆಗಳಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ಬರುವ ಜನಸಾಗರವು ಇಳಿದು, ಒಲೆ ಹೂಡಿ, ಪರಡಿ ತುಂಬುವುದು ತೆರೆದ ಬಯಲಿನಲ್ಲಿಯೇ. ಕಣಗಳು ಇಲ್ಲದಂತಾದ ಊರುಗಳಲ್ಲಿ ಒಕ್ಕಲಿಗರು ಡಾಂಬರು ರಸ್ತೆಯ ಮೇಲೆಯೇ ತೆನೆ ಹರವಿ ರಾಶಿ ಮಾಡುವುದನ್ನು ನಾವು ಪ್ರತಿ ಸುಗ್ಗಿಯಲ್ಲಿ ನೋಡುತ್ತೇವೆ. ವಾಹನದವರು ಬಯ್ಯುತ್ತಾರೆ, ಅಪಘಾತಗಳಾಗುತ್ತವೆ. ತಪ್ಪು ಒಕ್ಕಲಿಗನದೆಂದು ಹೇಳುವ ಮೊದಲು ಅವನ ಕಣವೆಲ್ಲಿ ಹೋಯಿತೆಂದು ಕೇಳಬೇಕಾಗಿದೆ.

ಕಾನೂನು ಏನು ಹೇಳುತ್ತದೆ?

ಗಾಯರಾಣವನ್ನು ಬಿಡುವ ಪದ್ಧತಿಯು ಕಾನೂನಿನ ಆಧಾರವುಳ್ಳದ್ದು. 1879ರ ಮುಂಬಯಿ ಭೂಕಂದಾಯ ಸಂಹಿತೆಯ 38ನೆಯ ಕಲಮಿನಲ್ಲಿ ಊರ ದನಗಳ ಪುಕ್ಕಟೆ ಮೇವಿಗಾಗಿ ಸರಕಾರಿ ನೆಲವನ್ನು ಬೇರೆ ತೆಗೆದಿರಿಸುವ ಅಧಿಕಾರವಿತ್ತು. ಇದೇ ತತ್ತ್ವವು 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 71ನೆಯ ಕಲಮಿನಲ್ಲಿ ಮುಂದುವರಿದಿದೆ. ಒಮ್ಮೆ ಹೀಗೆ ತೆಗೆದಿರಿಸಿದ ನೆಲವನ್ನು ಜಿಲ್ಲಾಧಿಕಾರಿಯ ಮಂಜೂರಿಯಿಲ್ಲದೆ ಬೇರೆ ಕೆಲಸಕ್ಕೆ ಬಳಸಕೂಡದು.

ಎಷ್ಟು ನೆಲ ಬಿಡಬೇಕೆಂಬುದನ್ನು 1966ರ ನಿಯಮಗಳ 97ನೆಯ ನಿಯಮವು ಹೇಳುತ್ತದೆ. ಪ್ರತಿ ನೂರು ದನಗಳಿಗೆ 12 ಹೆಕ್ಟೇರು, ಅಂದರೆ ಹೆಚ್ಚುಕಡಿಮೆ 30 ಎಕರೆ. ಐದುನೂರು ದನಗಳುಳ್ಳ ಹಳ್ಳಿಗೆ ಸುಮಾರು 150 ಎಕರೆ ಗಾಯರಾಣವಿರಬೇಕೆಂದಾಯಿತು. ನಮ್ಮ ವಾಚಕರು ತಮ್ಮ ತಮ್ಮ ಊರಿನ ದನಗಳನ್ನು ಮನಸ್ಸಿನಲ್ಲಿಯೇ ಎಣಿಸಿ, ಈ ಲೆಕ್ಕವನ್ನು ಹಾಕಿ ನೋಡಬೇಕೆಂದು ವಿನಂತಿ.

ಈ ನಿಯಮದಲ್ಲಿ ಎರಡು ಸಂಗತಿಗಳು ನಮ್ಮ ಸೀಮೆಗೆ ಮುಖ್ಯವಾಗಿವೆ. ಮೊದಲನೆಯದಾಗಿ, ನೂರು ದನಗಳ ಲೆಕ್ಕದಲ್ಲಿ ಕುರಿ ಮತ್ತು ಆಡುಗಳನ್ನು ಹಿಡಿಯಬಾರದೆಂದು ಅದೇ ನಿಯಮ ಹೇಳುತ್ತದೆ. ಮಲೆನಾಡಿಗೆ ಇದು ದೊಡ್ಡ ಮಾತಲ್ಲದಿರಬಹುದು. ರಾಮದುರ್ಗ, ಸವದತ್ತಿಗಳಲ್ಲಿ ಕುರಿಯೇ ಅನೇಕ ಮನೆಗಳ ಜೀವಾಳ. ಕುರುಬರು ಹಿಂಡುಗಳನ್ನು ಹೊಡೆದುಕೊಂಡು ಊರಿಂದೂರಿಗೆ ಹೋಗುತ್ತಾರೆ. ಸುಗ್ಗಿಯಾದ ಹೊಲಗಳಲ್ಲಿ ರಾತ್ರಿ ಕುರಿ ನಿಲ್ಲಿಸಿ ಗೊಬ್ಬರ ಕೊಡುತ್ತಾರೆ. ನವಿಲುತೀರ್ಥದ ಹಿನ್ನೀರು ಬೇಸಿಗೆಯಲ್ಲಿ ಸರಿದಾಗ ಅಲ್ಲಿಯ ಹಸುರನ್ನು ಹುಡುಕಿ ಹೋಗುತ್ತಾರೆ. 72ನೆಯ ಕಲಮಿನ ಪ್ರಕಾರ ಗಾಯರಾಣದಲ್ಲಿ ಮೇಯುವ ಹಕ್ಕು ಆಯಾ ಊರಿನ ದನಗಳಿಗೆ ಮಾತ್ರ. ಹೀಗೆ ಕುರಿಯು ಲೆಕ್ಕಕ್ಕೂ ಬಾರದು, ಅಲೆಯುವ ಕುರಿಗಾರನು ಹಕ್ಕಿಗೂ ಬಾರನು.

ಎರಡನೆಯದಾಗಿ, ದನಗಳ ಸಂಖ್ಯೆಗೆ ಬೇಕಾಗುವುದಕ್ಕಿಂತ ಗಾಯರಾಣವು ಹೆಚ್ಚಿದ್ದರೆ ಹೆಚ್ಚುವರಿ ನೆಲವನ್ನು ಬೇರೆಯವರಿಗೆ ಮಂಜೂರುಮಾಡಲು ಅವಕಾಶವಿದೆ. ಮೇಲುನೋಟಕ್ಕೆ ಇದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಇದು ಕೆಲಸಮಾಡುವ ಬಗೆಯನ್ನು ನೋಡಿರಿ. ಗಾಯರಾಣವು ಒತ್ತುವರಿಯಾಗಿ ಹುಲ್ಲು ಕಡಿಮೆಯಾಗುತ್ತದೆ. ಮೇವಿಲ್ಲದೆ ಜನರು ದನಗಳನ್ನು ಸಂತೆಗೆ ಹೊಡೆಯುತ್ತಾರೆ. ಮುಂದಿನ ಜಾನುವಾರು ಗಣತಿಯಲ್ಲಿ ದನಗಳ ಸಂಖ್ಯೆ ಇಳಿದಿರುತ್ತದೆ. ಸಂಖ್ಯೆ ಇಳಿದುದರಿಂದ ಉಳಿದ ಗಾಯರಾಣವೂ ಹೆಚ್ಚುವರಿಯೆನಿಸುತ್ತದೆ. ಬಯಲು ಹೋದದ್ದೇ ಬಯಲು ಬೇಡವೆಂಬುದಕ್ಕೆ ಸಾಕ್ಷಿಯಾಗುತ್ತದೆ!

ಬಯಲು ಕಡಿಮೆಯಾದ ಬಗೆ

ಗಾಯರಾಣವನ್ನು ಕಸಿದವರು ಯಾರು? ಒಬ್ಬರ ಕಡೆಗೇ ಬೆರಳು ತೋರಿಸುವುದು ಸುಲಭವಾದರೂ ಸತ್ಯವಾಗಲಾರದು.

ಮೊದಲನೆಯವರು ಭೂಮಿಯಿಲ್ಲದವರು. ಹುಕುಮಿಲ್ಲದೆ ಸರಕಾರಿ ನೆಲವನ್ನು ಸಾಗುಮಾಡುವುದಕ್ಕೆ ಬಗರಹುಕುಂ ಎನ್ನುತ್ತಾರೆ. ಇದನ್ನು ಸಕ್ರಮಗೊಳಿಸಲು 1991ರಲ್ಲಿ ನಮೂನೆ 50, 1998ರಲ್ಲಿ ನಮೂನೆ 53, 2018ರಲ್ಲಿ ನಮೂನೆ 57 ಹೀಗೆ ಅರ್ಜಿಗಳನ್ನು ಕರೆಯಲಾಯಿತು. ಹೊಟ್ಟೆಪಾಡಿಗಾಗಿ ಎರಡು ಎಕರೆ ಕಲ್ಲುನೆಲವನ್ನು ಹಸನುಮಾಡಿದ ಕೂಲಿಕಾರನನ್ನು ಕಳ್ಳನೆಂದು ಕರೆಯುವುದು ನಿರ್ದಯತೆಯಾದೀತು. ಅನೇಕ ದಲಿತ ಕುಟುಂಬಗಳಿಗೆ ತಲೆಮಾರುಗಳಲ್ಲಿ ಮೊದಲ ಬಾರಿಗೆ ಒಂದು ಉತಾರ ಸಿಕ್ಕಿದ್ದು ಈ ದಾರಿಯಿಂದಲೇ. ಆದರೆ ಇದೇ ಬಾಗಿಲಿನಿಂದ ಹತ್ತಾರು ಎಕರೆ ಉಳ್ಳವರೂ ಒಳಹೊಕ್ಕರೆ ಬಡವನ ಹೆಸರಿನಲ್ಲಿ ಬಲ್ಲಿದನ ಹೊಲ ಬೆಳೆಯುತ್ತದೆ. ಬಾಗಿಲು ಹತ್ತಿಪ್ಪತ್ತು ವರ್ಷಕ್ಕೊಮ್ಮೆ ತೆರೆಯುವುದೆಂದು ಗೊತ್ತಾದ ಮೇಲೆ ಮುಂದಿನ ಬಾರಿಗಾಗಿ ಈಗಲೇ ಉಳುವವರೂ ಹುಟ್ಟಿಕೊಳ್ಳುತ್ತಾರೆ.

ಎರಡನೆಯದು ಸರಕಾರವೇ. ಶಾಲೆ, ವಸತಿನಿಲಯ, ವಿದ್ಯುತ್ ಕೇಂದ್ರ, ನೀರಿನ ಟಾಕಿ, ಬಡವರ ಮನೆಗಳು, ಕಸದ ಘಟಕ, ಇವುಗಳಿಗೆ ಜಾಗ ಬೇಕಾದಾಗ ಮೊದಲು ನೆನಪಾಗುವುದು ಗಾಯರಾಣ. ಇವೆಲ್ಲ ಊರಿಗೆ ಬೇಕಾದವುಗಳೇ. ಖಾಸಗಿ ಹೊಲಕ್ಕೆ ಪರಿಹಾರ ಕೊಡಬೇಕು, ಗಾಯರಾಣಕ್ಕೆ ಕೊಡಬೇಕಾಗಿಲ್ಲ. ಹೀಗಾಗಿ ಒಂದೊಂದೇ ಒಳ್ಳೆಯ ಕೆಲಸವು ಎರಡೆರಡು ಎಕರೆ ತಿಂದು, ಕೊನೆಗೆ ಮೇಯುವ ನೆಲವೇ ಉಳಿಯುವುದಿಲ್ಲ. ಕಾಯಬೇಕಾದವರ ಕೈಯಿಂದಲೇ ಕಳೆದುಹೋದಾಗ, ಬೇಲಿಯೇ ಎದ್ದು ಹೊಲ ಮೇಯ್ದಿತೆಂದು ಹಳ್ಳಿಯ ಜನರು ಆಡಿಕೊಳ್ಳುತ್ತಾರೆ.

ಮೂರನೆಯದು ದೊಡ್ಡ ಯೋಜನೆಗಳು. 1972ರಲ್ಲಿ ಮುಗಿದ ನವಿಲುತೀರ್ಥದ ಅಣೆಕಟ್ಟು ಸುಮಾರು 37 ಟಿ.ಎಂ.ಸಿ. ನೀರನ್ನು ಹಿಡಿಯುತ್ತದೆ. ಅದರಿಂದ ಸವದತ್ತಿ, ರಾಮದುರ್ಗ, ನರಗುಂದ, ನವಲಗುಂದಗಳಿಗೆ ನೀರು ಬಂತು. ಅದೇ ನೀರಿನ ಕೆಳಗೆ ಅನೇಕ ಹಳ್ಳಿಗಳ ಹೊಲಗಳೂ ಮುಳುಗಿದವು. ಮುಳುಗಿದ ಹೊಲಕ್ಕೆ ಅಷ್ಟಿಷ್ಟು ಪರಿಹಾರ ಸಿಕ್ಕೀತು. ಮುಳುಗಿದ ಗಾಯರಾಣಕ್ಕೆ ಪರಿಹಾರ ಕೇಳುವವರು ಯಾರು?

ಕುಸನೂರಿನ ಪಾಠ

ಊರ ಬಯಲು ಹೋಗುತ್ತಿರುವಾಗ ಜನರು ಸುಮ್ಮನೆ ಕೂಡಲೇಬೇಕೆಂದಿಲ್ಲ. ನಮ್ಮ ನೆರೆಯಲ್ಲಿಯೇ ಇದಕ್ಕೊಂದು ದೊಡ್ಡ ಉದಾಹರಣೆಯಿದೆ.

1984ರಲ್ಲಿ ರಾಜ್ಯ ಸರಕಾರವು ಹರಿಹರ ಪಾಲಿಫೈಬರ್ಸ್ ಕಾರಖಾನೆಯೊಡನೆ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಎಂಬ ಕಂಪನಿಯನ್ನು ಸ್ಥಾಪಿಸಿತು. ಧಾರವಾಡ, ಶಿವಮೊಗ್ಗ ಮುಂತಾದ ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರು ಸರಕಾರಿ ನೆಲವನ್ನು ಈ ಕಂಪನಿಗೆ ಕೊಟ್ಟು, ಅಲ್ಲಿ ಕಾರಖಾನೆಗೆ ಬೇಕಾದ ನೀಲಗಿರಿ ಬೆಳೆಸಬೇಕೆಂಬುದು ಯೋಜನೆ. ಕಾಗದದ ಮೇಲೆ ಅದು ಬೀಳುಭೂಮಿ. ಹಳ್ಳಿಯವರಿಗೆ ಅದು ದನ ಮೇಯುವ, ಕಟ್ಟಿಗೆ ತರುವ ನೆಲ. ನೀಲಗಿರಿಯ ಎಲೆಯನ್ನು ದನ ಮುಟ್ಟುವುದಿಲ್ಲ.

ಧಾರವಾಡದ ಸಮಾಜ ಪರಿವರ್ತನ ಸಮುದಾಯವು ಈ ಪ್ರಶ್ನೆಯನ್ನು ಎತ್ತಿಕೊಂಡಿತು, ಎಸ್.ಆರ್. ಹಿರೇಮಠ ಅವರು ಅದರ ಮುಂದಾಳುಗಳಾಗಿದ್ದರು. 1986ರ ಕೊನೆಯಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. ಅರ್ಜಿದಾರರಲ್ಲಿ ಕೋಟ ಶಿವರಾಮ ಕಾರಂತರ ಹೆಸರು ಮೊದಲಿತ್ತು. 1987ರ ಮಾರ್ಚಿನಲ್ಲಿ ಕೋರ್ಟು ತಡೆಯಾಜ್ಞೆ ಕೊಟ್ಟಿತು. ಅದೇ ವರ್ಷದ ನವೆಂಬರ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನರು ನೆರೆದು, ಅಹಿಂಸೆಯ ಪ್ರತಿಜ್ಞೆ ಮಾಡಿ, ನೀಲಗಿರಿಯ ಸುಮಾರು ನೂರು ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹಣ್ಣಿಗೂ ಮೇವಿಗೂ ಒದಗುವ ಗಿಡಗಳನ್ನು ಹಚ್ಚಿದರು. ಈ ಸತ್ಯಾಗ್ರಹಕ್ಕೆ ಅವರಿಟ್ಟ ಹೆಸರು ‘ಕಿತ್ತಿಕೋ ಹಚ್ಚಿಕೋ’. ಕೊನೆಗೆ 1991ರಲ್ಲಿ ಸರಕಾರವು ಆ ಕಂಪನಿಯನ್ನು ಮುಚ್ಚುವ ನಿರ್ಧಾರಕ್ಕೆ ಬಂದಿತು.

ಕುಸನೂರಿನವರು ಬರೇ ಕೀಳಲಿಲ್ಲ, ಹಚ್ಚಿದರು. ಬೇಡವೆಂದು ಹೇಳಿದ್ದರ ಜೊತೆಗೆ ಏನು ಬೇಕೆಂಬುದನ್ನೂ ಮಾಡಿ ತೋರಿಸಿದರು. ಇದೇ ಅದರ ಮುಖ್ಯ ಪಾಠವೆಂದು ನನಗೆ ತೋರುತ್ತದೆ. ಅಲ್ಲದೆ ಕೋರ್ಟಿನ ಕೆಲಸ, ಹಳ್ಳಿಯ ಕೆಲಸ, ಸಾಹಿತಿಗಳ ಮಾತು ಮೂರೂ ಕೂಡಿದಾಗ ಗೆಲುವು ದೊರೆಯಿತು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆಯೆಂಬ ಗಾದೆ ಅಲ್ಲಿ ನಿಜವಾಯಿತು.

ಒಂದು ಆಕ್ಷೇಪ

ಒಟ್ಟಿನ ನೆಲವು ಯಾವಾಗಲೂ ಹಾಳಾಗುತ್ತದೆ. ಪ್ರತಿಯೊಬ್ಬನೂ ಇನ್ನೊಂದು ದನವನ್ನು ಬಿಡುತ್ತಾನೆ, ಕೊನೆಗೆ ಯಾರಿಗೂ ಹುಲ್ಲಿಲ್ಲದಂತಾಗುತ್ತದೆ. ಆದುದರಿಂದ ಹಂಚಿಬಿಡುವುದೇ ಲೇಸೆಂದು ಕೆಲವರು ವಾದಿಸುತ್ತಾರೆ. ಅಮೇರಿಕೆಯ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಬರೆದ ಲೇಖನದಿಂದ ಈ ವಾದವು ಲೋಕಪ್ರಸಿದ್ಧವಾಯಿತು. ಇದಕ್ಕೆ ಉತ್ತರವನ್ನು ಎಲಿನಾರ್ ಆಸ್ಟ್ರಮ್ ಎಂಬ ವಿದುಷಿ 1990ರ ತಮ್ಮ ಗ್ರಂಥದಲ್ಲಿ ಕೊಟ್ಟರು. ಸ್ವಿಟ್ಜರ್ಲೆಂಡಿನ ಬೆಟ್ಟದ ಹುಲ್ಲುಗಾವಲು, ಜಪಾನಿನ ಹಳ್ಳಿಯ ಕಾಡು ಇವು ನೂರಾರು ವರ್ಷ ಜನರ ಕೈಯಲ್ಲಿಯೇ ಹಾಳಾಗದೆ ಉಳಿದಿರುವುದನ್ನು ಅವರು ತೋರಿಸಿದರು. ಎಲ್ಲೆ ಗೊತ್ತಿರಬೇಕು, ಬಳಸುವವರು ಯಾರೆಂದು ಗೊತ್ತಿರಬೇಕು, ಬಳಸುವವರೇ ಕಟ್ಟಳೆ ಮಾಡಬೇಕು, ಮೀರಿದವನಿಗೆ ದಂಡವಿರಬೇಕು. ಇಷ್ಟಿದ್ದರೆ ಒಟ್ಟಿನ ನೆಲ ಉಳಿಯುತ್ತದೆಂದು ಅವರ ಸಿದ್ಧಾಂತ. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಆ ಪಾರಿತೋಷಕ ಪಡೆದ ಮೊದಲನೆಯ ಮಹಿಳೆ ಅವರೇ.

ಇದು ನಮಗೆ ಹೊಸ ಮಾತೇನೂ ಅಲ್ಲ. ಬೆಳೆ ಮೇಯ್ದ ದನವನ್ನು ಕೊಂಡವಾಡೆಗೆ ಹಾಕುವ ಪದ್ಧತಿ, ಊರ ದನಗಳನ್ನೆಲ್ಲ ಒಬ್ಬ ದನಗಾಹಿ ಹೊಡೆದುಕೊಂಡು ಹೋಗುವ ಪದ್ಧತಿ, ಇವು ನಮ್ಮ ಹಿರಿಯರಿಗೆ ಗೊತ್ತಿದ್ದವು. ಕಟ್ಟಳೆ ಇದ್ದಾಗ ಬಯಲು ಇತ್ತು. ಕಟ್ಟಳೆ ಸಡಿಲಾಯಿತು, ಬಯಲೂ ಹೋಯಿತು.

ಹೊಲಗಳ ಮಾತು

ಗಾಯರಾಣದ ಹಾಗೆಯೇ ಸಾಗುವಳಿ ಭೂಮಿಗೂ ಈಗ ಕರಗುವ ಕಾಲ ಬಂದಿದೆ. ಬೈಲಹೊಂಗಲ, ಸವದತ್ತಿ ಪಟ್ಟಣಗಳ ಸುತ್ತಲೂ, ಕಿತ್ತೂರು ಮತ್ತು ಎಂ.ಕೆ. ಹುಬ್ಬಳ್ಳಿಯ ಹೆದ್ದಾರಿಯ ಬದಿಯಲ್ಲಿಯೂ ಎರಿ ಹೊಲಗಳಲ್ಲಿ ಕಲ್ಲುಗಳನ್ನು ನೆಟ್ಟು ಬಿಳಿಯ ಸುಣ್ಣ ಹಚ್ಚಿದ್ದನ್ನು ಕಾಣುತ್ತೇವೆ. ಒಂದು ಎಕರೆಯೆಂದರೆ 43,560 ಚದರ ಅಡಿ. ರಸ್ತೆ, ಗಟಾರ, ಉದ್ಯಾನಗಳಿಗೆ ಬಿಟ್ಟು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿದರೂ ಮೂವತ್ತು-ನಲವತ್ತರ ಇಪ್ಪತ್ತು ಪ್ಲಾಟುಗಳಾಗುತ್ತವೆ. ನಾಲ್ಕೈದು ಕ್ವಿಂಟಲ್ ಜೋಳ ಒಂದು ಕಡೆ, ಇಪ್ಪತ್ತು ಪ್ಲಾಟು ಇನ್ನೊಂದು ಕಡೆ. ಸಾಲದಲ್ಲಿರುವ ಒಕ್ಕಲಿಗನು ಯಾವುದನ್ನು ಆರಿಸಿಕೊಳ್ಳುತ್ತಾನೆಂದು ಕೇಳಬೇಕಾಗಿಲ್ಲ. ಅವನನ್ನು ದೂಷಿಸುವುದೂ ಸರಿಯಲ್ಲ. ಮಗಳ ಮದುವೆ, ಆಸ್ಪತ್ರೆಯ ಖರ್ಚು, ಎರಡು ವರ್ಷದ ಬರ ಇವುಗಳ ಮುಂದೆ ಮಣ್ಣಿನ ಮೇಲಿನ ಪ್ರೀತಿಯೊಂದೇ ನಿಲ್ಲಲಾರದು.

ಆದರೂ ಊರಿನ ದೃಷ್ಟಿಯಿಂದ ನೋಡಿದರೆ ಹಾನಿಯು ದೊಡ್ಡದು. ಮಾರಿದ ರೊಕ್ಕವು ಕೆಲವು ವರ್ಷಗಳಲ್ಲಿ ಖರ್ಚಾಗುತ್ತದೆ. ಎರಿ ಮಣ್ಣು ಕಪ್ಪುಕಲ್ಲು ಸವೆದು ಸಾವಿರಾರು ವರ್ಷಗಳಲ್ಲಿ ಆದದ್ದು. ಮಳೆಯ ನೀರನ್ನು ಹಿಡಿದಿಟ್ಟುಕೊಂಡು ಚಳಿಗಾಲದಲ್ಲಿ ಬರೇ ತೇವದ ಮೇಲೆ ಜೋಳ, ಕಡಲೆ ಬೆಳೆಸುವ ಗುಣ ಅದಕ್ಕಿದೆ. ಒಮ್ಮೆ ಮೇಲೆ ಕಾಂಕ್ರೀಟು ಬಿದ್ದರೆ ಆ ಮಣ್ಣು ಮರಳಿ ಹೊಲವಾಗುವುದಿಲ್ಲ. ವಿಚಿತ್ರವೆಂದರೆ ಮನೆ ಕಟ್ಟಲು ಎರಿ ಭೂಮಿಯು ಒಳ್ಳೆಯದಲ್ಲ. ಬೇಸಿಗೆಯಲ್ಲಿ ಬಿರಿದು, ಮಳೆಗಾಲದಲ್ಲಿ ಉಬ್ಬಿ ಗೋಡೆಗಳನ್ನು ಸೀಳುತ್ತದೆ. ಬೆಳೆಗೆ ಉತ್ತಮವಾದದ್ದರ ಮೇಲೆ ಮನೆಯನ್ನೂ, ಮನೆಗೆ ಉತ್ತಮವಾದ ಕಲ್ಲುನೆಲದಲ್ಲಿ ಬೆಳೆಯನ್ನೂ ಮಾಡಹೊರಟಂತಾಗಿದೆ ನಮ್ಮ ಸ್ಥಿತಿ.

ಕಾನೂನಿನ ತಡೆಗಳೂ ಸಡಿಲಾಗಿವೆ. ಭೂಸುಧಾರಣಾ ಅಧಿನಿಯಮದ 79ಎ, 79ಬಿ ಕಲಮುಗಳು ಒಕ್ಕಲಿಗರಲ್ಲದವರು ಹೊಲ ಕೊಳ್ಳುವುದನ್ನು ತಡೆಯುತ್ತಿದ್ದವು; 2020ರ ತಿದ್ದುಪಡಿಯಿಂದ ಅವು ಹೋದವು. ಅವು ಇದ್ದಾಗ ಲಂಚಕ್ಕೂ ಕಿರುಕುಳಕ್ಕೂ ದಾರಿಯಾಗಿದ್ದವೆಂಬುದು ತಿದ್ದುಪಡಿಯ ಪರವಾದವರ ವಾದ. ರೊಕ್ಕವುಳ್ಳವರ ಕೈಗೆ ಹೊಲ ಹೋಗುವುದೆಂಬುದು ವಿರೋಧಿಗಳ ವಾದ. ಎರಡರಲ್ಲಿಯೂ ತಥ್ಯಾಂಶವಿದೆ. ಒಣಬೇಸಾಯದ ಸಣ್ಣ ಹಿಡುವಳಿದಾರನ ಕೈ ಬಲವಾಗದ ಹೊರತು ಕಲಮು ಇದ್ದರೂ ಇಲ್ಲದಿದ್ದರೂ ಹೊಲ ಜಾರುತ್ತದೆಂಬುದು ನನ್ನ ಅಭಿಪ್ರಾಯ.

ಇನ್ನು ಭೂಸ್ವಾಧೀನದ ವಿಷಯ. 2013ರ ಕೇಂದ್ರ ಕಾಯಿದೆಯ 10ನೆಯ ಕಲಮಿನಂತೆ ನೀರಾವರಿಯುಳ್ಳ ಬಹುಬೆಳೆಯ ಭೂಮಿಯನ್ನು ಬೇರೆ ಗತಿಯಿಲ್ಲದಾಗ ಮಾತ್ರ ಸ್ವಾಧೀನಪಡಿಸಿಕೊಳ್ಳಬೇಕು. ಓದಿದಾಗ ಸಮಾಧಾನವಾಗುತ್ತದೆ. ಆದರೆ ರೈಲುಮಾರ್ಗ, ಹೆದ್ದಾರಿ, ಕಾಲುವೆ, ವಿದ್ಯುತ್ ತಂತಿಗಳಂಥ ಉದ್ದನೆಯ ಯೋಜನೆಗಳಿಗೆ ಈ ಕಲಮು ಅನ್ವಯಿಸುವುದಿಲ್ಲವೆಂದು ಅದರಲ್ಲಿಯೇ ಬರೆದಿದೆ. ನಮ್ಮ ಸೀಮೆಗೆ ಬರುವವು ಇಂಥ ಯೋಜನೆಗಳೇ. 2020ರಲ್ಲಿ ಘೋಷಿತವಾದ, ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ ಹೋಗುವ ಸುಮಾರು 73 ಕಿಲೋಮೀಟರಿನ ಹೊಸ ರೈಲುಮಾರ್ಗಕ್ಕೆ ದಾರಿಯ ಕೆಲವು ಹಳ್ಳಿಗಳ ರೈತರು ತಕರಾರು ಮಾಡಿದರು. ರೈಲು ಬೇಡವೆಂದು ಅವರು ಹೇಳಲಿಲ್ಲ. ಫಲವತ್ತಾದ ಹೊಲಗಳನ್ನು ಬಿಟ್ಟು ಬೇರೆ ದಾರಿಯಿಂದ ಒಯ್ಯಿರೆಂದು ಕೇಳಿದರು. ಕಿತ್ತೂರಿಗೆ ರೈಲು ಬಂದರೆ ನಮ್ಮಂಥ ವಿದ್ಯಾರ್ಥಿಗಳಿಗೆ ಎಷ್ಟು ಅನುಕೂಲವೆಂಬುದನ್ನು ಹೇಳಬೇಕಾಗಿಲ್ಲ. ಆದರೆ ಅನುಕೂಲವು ಎಲ್ಲರಿಗೂ, ಹೊಲ ಹೋಗುವುದು ಕೆಲವರದ್ದು ಮಾತ್ರ. ಆದುದರಿಂದ ಆ ಕೆಲವರ ಮಾತನ್ನು ನಕಾಶೆ ಬರೆಯುವ ಮೊದಲು ಕೇಳುವುದು ನ್ಯಾಯ.

ಏನು ಮಾಡಬಹುದು?

2011ರ ಜನವರಿ 28ರಂದು ಸುಪ್ರೀಂ ಕೋರ್ಟು ಜಗಪಾಲ ಸಿಂಗ್ ಪ್ರಕರಣದಲ್ಲಿ ಕೊಟ್ಟ ತೀರ್ಪು ಈ ವಿಷಯದಲ್ಲಿ ದಾರಿದೀಪವಾಗಿದೆ. ಪಂಜಾಬಿನ ಒಂದು ಹಳ್ಳಿಯ ಕೆರೆಯ ಜಾಗದಲ್ಲಿ ಮನೆ ಕಟ್ಟಿದವರ ಪ್ರಕರಣವದು. ಊರೊಟ್ಟಿನ ನೆಲದ ಒತ್ತುವರಿಗಳನ್ನು ತೆರವುಗೊಳಿಸಿ ಊರಿಗೆ ಮರಳಿ ಕೊಡುವ ಯೋಜನೆಗಳನ್ನು ಎಲ್ಲ ರಾಜ್ಯ ಸರಕಾರಗಳು ಮಾಡಬೇಕೆಂದು ಕೋರ್ಟು ಆಜ್ಞೆಮಾಡಿತು. ಬಹಳ ದಿನದಿಂದ ಕಬಜಾದಲ್ಲಿದೆ, ಬಹಳ ಖರ್ಚುಮಾಡಿದೆ ಎಂಬ ಕಾರಣಗಳು ಸಾಲವೆಂದೂ ಹೇಳಿತು. ಆದರೆ ಸರಕಾರದ ಆಜ್ಞೆಯಂತೆ ಭೂಹೀನ ಕೂಲಿಕಾರರಿಗೆ ಅಥವಾ ಪರಿಶಿಷ್ಟ ಜಾತಿ, ಪಂಗಡದವರಿಗೆ ಕೊಟ್ಟಿರುವಲ್ಲಿ, ಇಲ್ಲವೆ ಶಾಲೆ, ದವಾಖಾನೆಯಂಥ ಸಾರ್ವಜನಿಕ ಕಟ್ಟಡಗಳು ಆಗಲೇ ಇರುವಲ್ಲಿ ವಿನಾಯಿತಿ ಇರಬಹುದೆಂದಿತು. ಬಡವನನ್ನೂ ಬಲ್ಲಿದನನ್ನೂ ಒಂದೇ ತಕ್ಕಡಿಯಲ್ಲಿ ತೂಗದ ಈ ವಿವೇಕವು ಮೆಚ್ಚತಕ್ಕದ್ದು.

ಆದರೆ ದಿಲ್ಲಿಯ ತೀರ್ಪು ತಾನಾಗಿ ನಮ್ಮ ಅಗಸಿಗೆ ನಡೆದು ಬರುವುದಿಲ್ಲ. ನನ್ನ ಅಲ್ಪಮತಿಗೆ ತೋಚಿದ ಕೆಲವು ಉಪಾಯಗಳನ್ನು ಇಲ್ಲಿ ಸೂಚಿಸುತ್ತೇನೆ.

ಮೊದಲನೆಯದು, ಎಲ್ಲೆಯನ್ನು ತಿಳಿಯುವುದು. ಊರಲ್ಲಿ ಗಾಯರಾಣ ಎಷ್ಟಿದೆ, ಯಾವ ಸರ್ವೆ ನಂಬರಿನಲ್ಲಿದೆ ಎಂಬುದು ಬಹುಜನರಿಗೆ ಗೊತ್ತಿಲ್ಲ. ಈಗ ಪಹಣಿಗಳು ಗಣಕಯಂತ್ರದಲ್ಲಿವೆ. ‘ದಿಶಾಂಕ’ ಎಂಬ ಸರಕಾರಿ ಆ್ಯಪಿನಿಂದ ನಾವು ನಿಂತ ನೆಲದ ಸರ್ವೆ ನಂಬರನ್ನು ಮೊಬೈಲಿನಲ್ಲಿಯೇ ನೋಡಬಹುದು. ಉಳಿದ ಕಾಗದಗಳನ್ನು 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಕೇಳಬಹುದು. ಅಜ್ಜಂದಿರಿಗೆ ಬದುವಿನ ಕಲ್ಲು ಗೊತ್ತು, ಮೊಮ್ಮಕ್ಕಳಿಗೆ ಮೊಬೈಲು ಗೊತ್ತು. ಇಬ್ಬರೂ ಕೂಡಿ ಒಂದು ದಿನ ಬಯಲಿನ ಸುತ್ತ ನಡೆದರೆ ಊರ ನಕಾಶೆ ಸಿದ್ಧವಾಗುತ್ತದೆ.

ಎರಡನೆಯದು, ಗ್ರಾಮಸಭೆಯಲ್ಲಿ ಮಾತೆತ್ತುವುದು. ಗಾಯರಾಣದ ಯಾವ ಭಾಗವನ್ನಾದರೂ ಬೇರೆ ಕೆಲಸಕ್ಕೆ ಕೊಡುವ ಮೊದಲು ಅದು ಗ್ರಾಮಸಭೆಯ ಮುಂದೆ ಬರಬೇಕೆಂದು ಪಂಚಾಯತಿಯು ಠರಾವು ಮಾಡಲಿ. ದನ ಕಾಯುವವರು, ಕುರಿಗಾರರು, ಕಟ್ಟಿಗೆ ತರುವ ಹೆಣ್ಣುಮಕ್ಕಳು ಆ ಸಭೆಗೆ ಬರುವಂತೆ ವೇಳೆ ಗೊತ್ತುಮಾಡಲಿ. ಹೊಲದ ಕೆಲಸದ ಹೊತ್ತಿನಲ್ಲಿ ಕರೆದ ಸಭೆಗೆ ಹೊಲಕ್ಕೆ ಹೋಗದವರೇ ಬರುತ್ತಾರೆ.

ಮೂರನೆಯದು, ಲೆಕ್ಕವನ್ನು ತಿದ್ದುವುದು. ಬಯಲುಸೀಮೆಯ ತಾಲೂಕುಗಳಲ್ಲಿ ಗಾಯರಾಣದ ಲೆಕ್ಕಕ್ಕೆ ಕುರಿ, ಆಡುಗಳನ್ನೂ ಹಿಡಿಯಬೇಕು. ಅಲೆಯುವ ಕುರಿಗಾರರಿಗೆ ಹಿಂಡು ಹಾಯುವ ದಾರಿಗಳನ್ನೂ ನಿಲ್ಲುವ ತಾಣಗಳನ್ನೂ ಗುರುತಿಸಿಡಬೇಕು. ಇದು ಶಾಸನಸಭೆಯ ಕೆಲಸವಾದರೂ ಬೇಡಿಕೆ ಕೆಳಗಿನಿಂದಲೇ ಏಳಬೇಕು.

ನಾಲ್ಕನೆಯದು, ಬಯಲನ್ನು ಬೆಳೆಸುವುದು. ಬರಿದಾದ ಗಾಯರಾಣವನ್ನು ಒತ್ತುವುದು ಸುಲಭ, ಹಸುರಾಗಿರುವುದನ್ನು ಒತ್ತುವುದು ಕಷ್ಟ. ಒಂದು ಭಾಗವನ್ನು ಎರಡು ಮಳೆಗಾಲ ಮೇಯಿಸದೆ ಬಿಟ್ಟರೆ ಹುಲ್ಲು ಮರಳುತ್ತದೆ. ಅನಂತರ ಇನ್ನೊಂದು ಭಾಗಕ್ಕೆ ವಿಶ್ರಾಂತಿ ಕೊಡಬಹುದು. ಬೇವು, ಬನ್ನಿ, ಹುಣಸೆ, ಬಾರೆ ಇವುಗಳನ್ನು ಅಂಚಿನಲ್ಲಿ ಹಚ್ಚಿದರೆ ಎಲ್ಲೆಯೂ ಗೊತ್ತಾಗುತ್ತದೆ, ನೆರಳೂ ಆಗುತ್ತದೆ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳು ಪ್ರತಿವರ್ಷ ಒಂದೊಂದು ಹಳ್ಳಿಯಲ್ಲಿ ನಡೆಯುತ್ತವಷ್ಟೆ. ಗುಡಿಯ ಅಂಗಳ ಗುಡಿಸುವುದರ ಜೊತೆಗೆ ಗಾಯರಾಣದ ಎಲ್ಲೆಯಲ್ಲಿ ನೂರು ಗಿಡ ಹಚ್ಚಿ, ಬೇಸಿಗೆಯಲ್ಲಿ ನೀರು ಹಾಕುವವರನ್ನು ಊರಲ್ಲಿಯೇ ಗೊತ್ತುಮಾಡಿ ಬರಬಾರದೇಕೆ?

ಐದನೆಯದು, ಪಟ್ಟಣಗಳು ಬೆಳೆಯುವ ದಿಕ್ಕನ್ನು ಯೋಚಿಸುವುದು. ಮನೆಗಳು ಬೇಕೇ ಬೇಕು. ಆದರೆ ಪಟ್ಟಣದ ಯೋಜನೆ ಬರೆಯುವಾಗ ಎರಿ ಹೊಲಗಳನ್ನು ಬಿಟ್ಟು ಕಲ್ಲುನೆಲದ ಕಡೆಗೆ ಬೆಳವಣಿಗೆಯನ್ನು ತಿರುಗಿಸಲು ಸಾಧ್ಯವಿರುವಲ್ಲಿ ತಿರುಗಿಸಬೇಕು. ಹೊಸ ಬಡಾವಣೆಗಳಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವು ಉದ್ಯಾನವಾಗಿಯೇ ಉಳಿಯುವಂತೆ 1985ರ ಉದ್ಯಾನ, ಆಟದ ಬಯಲುಗಳ ಕಾಯಿದೆಯನ್ನು ನಿವಾಸಿಗಳು ತಿಳಿದುಕೊಳ್ಳಬೇಕು.

ಉಪಸಂಹಾರ

ನಮ್ಮ ಕಾಲೇಜಿನಲ್ಲಿ ಓದುತ್ತಿರುವ ಬಹುಜನರು ಮನೆತನದಲ್ಲಿ ಮೊದಲನೆಯ ಬಾರಿಗೆ ಪದವಿಯ ಹೊಸಿಲು ತುಳಿದವರು. ಪದವಿ ಮುಗಿದ ಮೇಲೆ ನಾವು ನೌಕರಿಗಾಗಿ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗುತ್ತೇವೆ. ಹೋಗುವುದು ತಪ್ಪಲ್ಲ. ಆದರೆ ತಲಾಠಿಯ ಕಾಗದವನ್ನು ಓದಲು ಬಾರದೆ ನಮ್ಮ ತಂದೆತಾಯಿಗಳು ಹೆಬ್ಬೆಟ್ಟು ಒತ್ತಿದ ದಿನಗಳು ದೂರದವಲ್ಲ. ನಮಗೆ ಓದಲು ಬರುತ್ತದೆ. ಆ ಓದಿನ ಮೊದಲ ಉಪಯೋಗವು ಊರ ನೆಲದ ಕಾಗದವನ್ನು ಓದಿ ಊರವರಿಗೆ ಹೇಳುವುದೇ ಆಗಲಿ.

ಬಯಲನ್ನು ಉಳಿಸುವುದೆಂದರೆ ಹಳೆಯ ಕಾಲವನ್ನು ಮರಳಿ ತರುವುದಲ್ಲ. ಶಾಲೆ ಬೇಕು, ರಸ್ತೆ ಬೇಕು, ರೈಲು ಬೇಕು, ಮನೆ ಬೇಕು. ಅವುಗಳಿಗೆ ಜಾಗ ಹುಡುಕುವಾಗ ಮಾತನಾಡಲು ಬಾರದ ದನಕರುಗಳ ಜಾಗವನ್ನೂ, ಮಾತನಾಡಿದರೂ ಕೇಳುವವರಿಲ್ಲದ ಬಡವರ ಜಾಗವನ್ನೂ ಮೊದಲು ಮುಟ್ಟಬಾರದೆಂಬುದಷ್ಟೇ ಇಲ್ಲಿಯ ಪ್ರಾರ್ಥನೆ. ಮುಂದಿನ ಜಾನುವಾರು ಗಣತಿಯವರು ನಮ್ಮ ಊರಿಗೆ ಬಂದಾಗ ಎಣಿಸಲು ದನಗಳಿರಬೇಕು, ದನಗಳಿಗೆ ಮೇಯಲು ನೆಲವಿರಬೇಕು. ಇದು ನಮ್ಮ ನಮ್ಮ ಊರಿನಿಂದಲೇ ಆರಂಭವಾಗತಕ್ಕ ಕೆಲಸ.